ತುಟಿ ಒಡೆದ ಟ್ರಂಪೆಟ್ ವಾದಕ: ಲೂಯಿ ಆರ್ಮ್‌ಸ್ಟ್ರಾಂಗ್ ಅವರ ಬದುಕಿನಿಂದ ತಿಳಿಯಬೇಕಾದದ್ದು

ಠಾಣೆ, ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿಯಲ್ಲಿ ಮದುವೆಯ ಮೆರವಣಿಗೆಯಾಗಲಿ, ಗಣಪತಿ ವಿಸರ್ಜನೆಯಾಗಲಿ ಬ್ಯಾಂಡ್ ಇಲ್ಲದೆ ಮುಗಿಯುವುದಿಲ್ಲ. ಮುಂದೆ ಟ್ರಂಪೆಟ್ ಊದುವವರು ರಸ್ತೆಯ ಗದ್ದಲವನ್ನು ಮೀರಿ ಕೇಳುವಂತೆ ಗಂಟೆಗಟ್ಟಲೆ ಊದುತ್ತಾರೆ. ರಾತ್ರಿ ಮನೆಗೆ ಬಂದು ಕನ್ನಡಿ ನೋಡಿಕೊಂಡರೆ ಮೇಲ್ದುಟಿ ಊದಿರುತ್ತದೆ, ಕೆಲವೊಮ್ಮೆ ಸೀಳಿ ರಕ್ತ ಜಿನುಗುತ್ತಿರುತ್ತದೆ. ನಾಳೆ ಇನ್ನೊಂದು ಮದುವೆ ಒಪ್ಪಿಕೊಂಡಾಗಿದೆ. ಊದದಿದ್ದರೆ ಆ ದಿನದ ಕೂಲಿ ಇಲ್ಲ.

ಶಾಲೆಯ ಬ್ಯಾಂಡ್, ಚರ್ಚ್ ಬ್ಯಾಂಡ್, ಪೊಲೀಸ್ ಬ್ಯಾಂಡ್‌ಗಳಲ್ಲಿ ಊದುವವರಿಗೂ ಅವರ ಮನೆಯವರಿಗೂ ಈ ತೊಂದರೆ ಹೊಸದಲ್ಲ. ತುಟಿಗೆ ಪೆಟ್ಟಾದಾಗ ಎಷ್ಟು ದಿನ ನಿಲ್ಲಿಸಬೇಕು, ಯಾವಾಗ ವೈದ್ಯರ ಬಳಿ ಹೋಗಬೇಕು, ಮತ್ತೆ ಮೊದಲಿನಂತೆ ಊದಲು ಸಾಧ್ಯವೇ ಎಂಬ ಪ್ರಶ್ನೆಗಳು ಎಲ್ಲರಲ್ಲೂ ಇರುತ್ತವೆ. ಜಗತ್ತಿನ ಅತ್ಯಂತ ಹೆಸರುವಾಸಿ ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಇದೇ ಪ್ರಶ್ನೆಗಳನ್ನು ಎದುರಿಸಿದ್ದರು. 1964ರಲ್ಲಿ ಅವರು ಮುಂಬಯಿಗೆ ಬಂದು ಕಾರ್ಯಕ್ರಮ ಕೊಟ್ಟಾಗ ಅವರಿಗೆ ಅರವತ್ತು ದಾಟಿತ್ತು. ಅದಕ್ಕೆ ಸುಮಾರು ಮೂವತ್ತು ವರ್ಷ ಮೊದಲೇ ಅವರ ತುಟಿ ಒಡೆದು, ವೃತ್ತಿಯೇ ಮುಗಿಯಿತು ಎನ್ನುವ ಸ್ಥಿತಿ ಬಂದಿತ್ತು. ಅವರು ಹೇಗೆ ಆ ಸ್ಥಿತಿಗೆ ಬಂದರು, ಹೇಗೆ ಹೊರಬಂದರು ಎಂಬುದನ್ನು ಈ ಬಾರಿಯ ಅಂಕಣದಲ್ಲಿ ನೋಡೋಣ.

ತುಟಿಯೇ ವಾದ್ಯ

ಶಹನಾಯಿ, ನಾಗಸ್ವರಗಳಲ್ಲಿ ಬಾಯಿಗೆ ಇಟ್ಟುಕೊಳ್ಳುವ ಚಿಕ್ಕ ಪೀಪಿ ಕಂಪಿಸಿ ನಾದ ಹುಟ್ಟುತ್ತದೆ. ಟ್ರಂಪೆಟ್‌ನಲ್ಲಿ ಅಂಥ ಪೀಪಿ ಇಲ್ಲ. ನಮ್ಮ ಕಹಳೆ, ಕೊಂಬು, ಮಹಾರಾಷ್ಟ್ರದ ತುತಾರಿಗಳಂತೆ ಇಲ್ಲಿಯೂ ಕಂಪಿಸುವುದು ಊದುವವರ ತುಟಿಯೇ. ಹಿತ್ತಾಳೆಯ ಕೊಳವೆ ಆ ಕಂಪನವನ್ನು ದೊಡ್ಡದು ಮಾಡುತ್ತದೆ. ಟ್ರಂಪೆಟ್‌ನವರು ಹೈ ಸಿ ಎಂದು ಕರೆಯುವ ಎತ್ತರದ ಸ್ವರವನ್ನು ಊದುವಾಗ ತುಟಿ ಸೆಕೆಂಡಿಗೆ 900ಕ್ಕೂ ಹೆಚ್ಚು ಬಾರಿ ಅದುರುತ್ತದೆ.

ಬಾಯಿಯ ಸುತ್ತ ಉಂಗುರದಂತೆ ಇರುವ ಸ್ನಾಯುವಿಗೆ ಆರ್ಬಿಕ್ಯುಲಾರಿಸ್ ಓರಿಸ್ ಎಂದು ಹೆಸರು. ನಾವು ಸೀಟಿ ಹಾಕುವುದು, ನೀರು ಹೀರುವುದು, ತುಟಿ ಮುಚ್ಚುವುದು ಈ ಸ್ನಾಯುವಿನ ಬಲದಿಂದ. ಟ್ರಂಪೆಟ್ ಊದುವವರು ಇದೇ ಸ್ನಾಯುವನ್ನು ಬಿಗಿಹಿಡಿದು, ಅದರ ಮೇಲೆ ಲೋಹದ ಮೌತ್‌ಪೀಸ್ ಇಟ್ಟು, ಒಳಗಿನಿಂದ ಜೋರಾಗಿ ಗಾಳಿ ನೂಕುತ್ತಾರೆ. ತುಟಿಯ ಚರ್ಮ ತೀರ ತೆಳು. ಕೆಂಪು ಭಾಗದಲ್ಲಿ ಬೆವರಿನ ಗ್ರಂಥಿಗಳಿಲ್ಲ, ಆದ್ದರಿಂದ ಬೇಗ ಒಣಗಿ ಬಿರಿಯುತ್ತದೆ. ರಕ್ತನಾಳಗಳು ದಟ್ಟವಾಗಿರುವುದರಿಂದ ಬೇಗ ಊದಿಕೊಳ್ಳುತ್ತದೆ, ಬೇಗ ವಾಸಿಯೂ ಆಗುತ್ತದೆ. ಆದರೆ ವಾಸಿಯಾಗಲು ಬಿಡುವು ಬೇಕು. ಆರ್ಮ್‌ಸ್ಟ್ರಾಂಗ್ ಅವರಿಗೆ ಬಹಳ ಕಾಲ ಸಿಗದೆ ಹೋದದ್ದು ಆ ಬಿಡುವೇ.

ಬಡತನದ ಬಾಲ್ಯ

ಲೂಯಿ ಆರ್ಮ್‌ಸ್ಟ್ರಾಂಗ್ ಹುಟ್ಟಿದ್ದು 1901ರ ಆಗಸ್ಟ್ 4ರಂದು, ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಬಡ ಕೇರಿಯೊಂದರಲ್ಲಿ. ತಂದೆ ಬೇಗನೆ ಮನೆ ಬಿಟ್ಟು ಹೋದರು. ತಾಯಿ ಮೇರಿ ಆ್ಯನ್ ಮನೆಗೆಲಸ ಮಾಡಿ ಮಕ್ಕಳನ್ನು ಸಾಕಿದರು. ಕೆಲವು ವರ್ಷ ಅಜ್ಜಿ ನೋಡಿಕೊಂಡರು. ಹುಡುಗ ಕರ್ನಾಫ್‌ಸ್ಕಿ ಎಂಬ ಯಹೂದಿ ಕುಟುಂಬದ ಗುಜರಿ ಗಾಡಿಯಲ್ಲಿ ಕೆಲಸ ಮಾಡುತ್ತ, ಗಿರಾಕಿಗಳನ್ನು ಕರೆಯಲು ತಗಡಿನ ಪುಟ್ಟ ಪೀಪಿ ಊದುತ್ತಿದ್ದ. ಮೊದಲ ಕಾರ್ನೆಟ್ ಕೊಳ್ಳಲು ಆ ಮನೆಯವರೇ ಮುಂಗಡ ಹಣ ಕೊಟ್ಟರು. ಕಾರ್ನೆಟ್ ಎಂದರೆ ಟ್ರಂಪೆಟ್‌ನ ಚಿಕ್ಕ ತಮ್ಮನಂಥ ವಾದ್ಯ.

1912ರ ಡಿಸೆಂಬರ್ 31ರ ರಾತ್ರಿ ಹೊಸ ವರ್ಷದ ಸಂಭ್ರಮದಲ್ಲಿ ಮನೆಯಲ್ಲಿದ್ದ ಪಿಸ್ತೂಲು ತಂದು ಗಾಳಿಯಲ್ಲಿ ಹಾರಿಸಿದ್ದಕ್ಕೆ ಪೊಲೀಸರು ಹಿಡಿದರು. ನ್ಯಾಯಾಲಯ ಹುಡುಗನನ್ನು ಕಪ್ಪು ಮಕ್ಕಳ ಸುಧಾರಣಾ ಗೃಹಕ್ಕೆ ಕಳಿಸಿತು. ಅಲ್ಲಿ ಪೀಟರ್ ಡೇವಿಸ್ ಎಂಬ ಶಿಕ್ಷಕರು ಬ್ಯಾಂಡ್ ನಡೆಸುತ್ತಿದ್ದರು. ಹುಡುಗ ಅವರಿಂದ ಬ್ಯೂಗಲ್, ಆಮೇಲೆ ಕಾರ್ನೆಟ್ ಕಲಿತು ಬ್ಯಾಂಡಿನ ನಾಯಕನಾದ. ಹೊರಬಂದ ಮೇಲೆ ಹಗಲು ಇದ್ದಿಲ ಗಾಡಿ ಎಳೆಯುವುದು, ರಾತ್ರಿ ಊದುವುದು. ಊರಿನ ದೊಡ್ಡ ಕಾರ್ನೆಟ್ ವಾದಕ ಜೋ ಆಲಿವರ್ ಹುಡುಗನನ್ನು ಮಗನಂತೆ ಕಂಡು ಹೇಳಿಕೊಟ್ಟರು. ಮಿಸ್ಸಿಸ್ಸಿಪ್ಪಿ ನದಿಯ ಹಡಗುಗಳಲ್ಲಿ ಬ್ಯಾಂಡ್ ಬಾರಿಸುತ್ತ ಕೆಲವು ವರ್ಷ ಕಳೆದವು.

ಊದಿದರೆ ಮಾತ್ರ ಊಟ ಎಂಬ ಪಾಠ ಆಗಲೇ ಮನಸ್ಸಿನಲ್ಲಿ ಬೇರೂರಿತ್ತು. ತುಟಿ ನೋಯುತ್ತಿದೆ ಎಂದು ಕೆಲಸ ಬಿಡುವುದು ಆ ಕೇರಿಯ ಯಾವ ವಾದಕನಿಗೂ ಸಾಧ್ಯವಿರಲಿಲ್ಲ.

ಎತ್ತರದ ಸ್ವರಗಳ ಕೀರ್ತಿ

1922ರಲ್ಲಿ ಜೋ ಆಲಿವರ್ ಕರೆದದ್ದರಿಂದ ಆರ್ಮ್‌ಸ್ಟ್ರಾಂಗ್ ಶಿಕಾಗೊಗೆ ಹೋದರು. ಅದೇ ಬ್ಯಾಂಡಿನಲ್ಲಿ ಪಿಯಾನೊ ನುಡಿಸುತ್ತಿದ್ದ ಲಿಲ್ ಹಾರ್ಡಿನ್ ಅವರನ್ನು 1924ರಲ್ಲಿ ಮದುವೆಯಾದರು. ಗುರುವಿನ ನೆರಳಿನಿಂದ ಹೊರಬರಬೇಕೆಂದು ಒತ್ತಾಯಿಸಿದವರು ಆಕೆಯೇ. 1925ರಿಂದ 1928ರವರೆಗೆ ಹಾಟ್ ಫೈವ್, ಹಾಟ್ ಸೆವೆನ್ ಎಂಬ ಚಿಕ್ಕ ತಂಡಗಳೊಂದಿಗೆ ಮಾಡಿದ ಧ್ವನಿಮುದ್ರಣಗಳು ಜಾಝ್ ಸಂಗೀತದ ದಾರಿಯನ್ನೇ ಬದಲಿಸಿದವು. ಒಬ್ಬನೇ ವಾದಕ ಮುಂದೆ ನಿಂತು ತನ್ನ ಮನೋಧರ್ಮದಿಂದ ರಾಗ ಬೆಳೆಸುವ ರೀತಿಯನ್ನು ಜನ ಅವರಿಂದ ಕೇಳಿ ತಿಳಿದರು. ಅವರ ಹಾಡುವ ಒರಟು ದನಿಯೂ ಮನೆಮಾತಾಯಿತು. ದೊಡ್ಡ ಬಾಯಿಯ ಕಾರಣಕ್ಕೆ ಬಂದ ಸ್ಯಾಚ್‌ಮೊ ಎಂಬ ಅಡ್ಡಹೆಸರು ಅವರ ಹೆಸರಿಗಿಂತ ಪ್ರಸಿದ್ಧವಾಯಿತು.

1930ರ ಹೊತ್ತಿಗೆ ಜನ ಬಯಸಿದ್ದು ಒಂದು ಸಾಹಸವನ್ನು. ಹಾಡಿನ ಕೊನೆಗೆ ಆರ್ಮ್‌ಸ್ಟ್ರಾಂಗ್ ಹೈ ಸಿ ಸ್ವರವನ್ನು ಮತ್ತೆ ಮತ್ತೆ, ನೂರಕ್ಕೂ ಹೆಚ್ಚು ಬಾರಿ ಊದುತ್ತಿದ್ದರು. ಕೊನೆಗೆ ಅದಕ್ಕಿಂತಲೂ ಮೇಲಿನ ಸ್ವರಕ್ಕೆ ಏರಿ ನಿಲ್ಲುತ್ತಿದ್ದರು. ಪ್ರೇಕ್ಷಕರು ಎದ್ದು ನಿಂತು ಎಣಿಸುತ್ತಿದ್ದರು. ಇದು ಒಂದು ದಿನದ ಮಾತಲ್ಲ. ದಿನಕ್ಕೆ ಹಲವು ಪ್ರದರ್ಶನ, ವಾರವೆಲ್ಲ, ಊರಿಂದೂರಿಗೆ. ವರ್ಣಭೇದದ ಕಾಲವಾದ್ದರಿಂದ ದಕ್ಷಿಣದ ಊರುಗಳಲ್ಲಿ ಕಪ್ಪು ವಾದಕರಿಗೆ ಹೋಟೆಲುಗಳು ಕೋಣೆ ಕೊಡುತ್ತಿರಲಿಲ್ಲ. ಬಸ್ಸಿನಲ್ಲೇ ನಿದ್ದೆ, ಸಿಕ್ಕಿದ್ದೇ ಊಟ. ದಣಿದ ಮೈಗೆ ವಿಶ್ರಾಂತಿ ಸಿಗದಾಗ ದಣಿದ ತುಟಿಗೂ ಸಿಗಲಿಲ್ಲ.

ತುಟಿ ಒಡೆದದ್ದು

1932ರಲ್ಲಿ ಅವರು ಮೊದಲ ಬಾರಿಗೆ ಇಂಗ್ಲೆಂಡಿಗೆ ಹೋಗಿ ಲಂಡನ್ ಪಲೇಡಿಯಂ ರಂಗಮಂದಿರದಲ್ಲಿ ಕಾರ್ಯಕ್ರಮ ಕೊಟ್ಟು ಬಂದರು. ಆ ವರ್ಷದ ಕೊನೆಗೆ ಬಾಲ್ಟಿಮೋರ್‌ನಲ್ಲಿ ಇದ್ದಾಗ ಅವರ ತುಟಿ ಹಸಿ ಗಾಯವಾಗಿತ್ತು ಎಂದು ಜೊತೆಗಿದ್ದ ವಾದಕ ಮಿತ್ರ ಮೆಝ್ ಮೆಝ್‌ರೋ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಆದರೂ ಹೊಸ ವರ್ಷದ ರಾತ್ರಿ ಅವರು ಊದಿದರು. ಕೆಲವೇ ವಾರಗಳಲ್ಲಿ ಶಿಕಾಗೊದಲ್ಲಿ ಧ್ವನಿಮುದ್ರಣಕ್ಕೂ ನಿಂತರು.

1933ರಲ್ಲಿ ಮತ್ತೆ ಯುರೋಪಿಗೆ ಹೋದರು. ಆಗ ಅವರ ವ್ಯವಹಾರ ನೋಡಿಕೊಳ್ಳುತ್ತಿದ್ದ ಮ್ಯಾನೇಜರ್ ಜೊತೆ ಜಗಳವಾಗಿ ಇಬ್ಬರೂ ಬೇರೆಯಾದರು. ಅದೇ ವರ್ಷದ ನವೆಂಬರ್‌ನಲ್ಲಿ ಲಂಡನ್ನಿನ ಹೋಬರ್ನ್ ಎಂಪೈರ್ ರಂಗಮಂದಿರದಲ್ಲಿ ವೇದಿಕೆಯ ಮೇಲೆಯೇ ತುಟಿ ಸೀಳಿ ರಕ್ತ ಅಂಗಿಯ ಮೇಲೆ ಹರಿಯಿತು. ಈ ಸಲ ನಿಲ್ಲಿಸದೆ ದಾರಿ ಇರಲಿಲ್ಲ.

ಇಂಥ ತುಟಿಗೆ ಏನಾಗಿರುತ್ತದೆ?

ಸ್ನಾಯು ದಣಿಯುವ ತನಕ ಎತ್ತರದ ಸ್ವರವನ್ನು ಸ್ನಾಯುವೇ ಹಿಡಿಯುತ್ತದೆ. ದಣಿದ ಮೇಲೆ ಸ್ವರ ಜಾರುತ್ತದೆ. ಆಗ ಊದುವವರು ತಿಳಿಯದೆಯೇ ಕೈಯ ಬಲದಿಂದ ಮೌತ್‌ಪೀಸನ್ನು ತುಟಿಗೆ ಒತ್ತುತ್ತಾರೆ. ಸ್ವರ ಸದ್ಯಕ್ಕೆ ನಿಲ್ಲುತ್ತದೆ. ಆದರೆ ಒತ್ತಿದ ಕಡೆ ತುಟಿ ಹಲ್ಲಿಗೂ ಲೋಹಕ್ಕೂ ನಡುವೆ ಸಿಕ್ಕಿಕೊಳ್ಳುತ್ತದೆ, ರಕ್ತ ಸಂಚಾರ ಕಡಿಮೆಯಾಗುತ್ತದೆ. ರಕ್ತ ಸಿಗದ ಸ್ನಾಯು ಇನ್ನೂ ಬೇಗ ದಣಿಯುತ್ತದೆ. ಆಗ ಮತ್ತಷ್ಟು ಒತ್ತಬೇಕಾಗುತ್ತದೆ. ಈ ಸುತ್ತು ದಿನಗಟ್ಟಲೆ ನಡೆದರೆ ಹಂತ ಹಂತವಾಗಿ ಹಾನಿಯಾಗುತ್ತದೆ.

ಮೊದಲ ಹಂತ ಊತ ಮತ್ತು ಕಂದು. ಒಂದೆರಡು ದಿನ ಬಿಟ್ಟರೆ ಇಳಿಯುತ್ತದೆ. ಎರಡನೆಯದು ಚರ್ಮದ ಸೀಳು. ಚಿಕ್ಕದಾದರೆ ವಾರದೊಳಗೆ ಮುಚ್ಚುತ್ತದೆ, ಆದರೆ ಮತ್ತೆ ಅದೇ ಜಾಗದಲ್ಲಿ ಒತ್ತಿದರೆ ಮತ್ತೆ ತೆರೆಯುತ್ತದೆ. ಪದೇ ಪದೇ ತೆರೆದು ಮುಚ್ಚಿದ ಜಾಗದಲ್ಲಿ ಗಟ್ಟಿ ಕಲೆ ಕಟ್ಟುತ್ತದೆ. ಗಟ್ಟಿಯಾದ ತುಟಿ ಮೊದಲಿನಂತೆ ಅದುರುವುದಿಲ್ಲ. ಮೂರನೆಯದು ಒಳಗಿನ ಸ್ನಾಯುವಿನ ಎಳೆಗಳೇ ಹರಿಯುವುದು. ಆಗ ಹೊರಗೆ ಗಾಯ ಕಾಣದಿದ್ದರೂ ಸ್ವರ ನಿಲ್ಲುವುದಿಲ್ಲ, ತುಟಿಯ ಅಂಚಿನಿಂದ ಗಾಳಿ ಸೋರುತ್ತದೆ, ಊದಿದ ಸ್ವಲ್ಪ ಹೊತ್ತಿಗೆ ನೋವು ಬರುತ್ತದೆ.

ಆರ್ಮ್‌ಸ್ಟ್ರಾಂಗ್ ಅವರ ಮೇಲ್ದುಟಿಯ ಮೇಲಿನ ಕಲೆ ಅವರ ಅನೇಕ ಫೋಟೊಗಳಲ್ಲಿ ಇಂದಿಗೂ ಕಾಣುತ್ತದೆ.

ಊದದೆ ಕಳೆದ ತಿಂಗಳುಗಳು

1934ರ ಬಹುಭಾಗವನ್ನು ಅವರು ಪ್ಯಾರಿಸ್‌ನಲ್ಲಿ ಕಳೆದರು. ಹತ್ತು ವರ್ಷಗಳಲ್ಲಿ ಮೊದಲ ಬಾರಿಗೆ ದೀರ್ಘ ಬಿಡುವು. ತಿರುಗಾಡಿದರು, ಗೆಳೆಯರೊಂದಿಗೆ ಹರಟಿದರು, ಟ್ರಂಪೆಟ್ ಪೆಟ್ಟಿಗೆಯಲ್ಲೇ ಇತ್ತು. ವರ್ಷದ ಕೊನೆಗೆ ಅಲ್ಲಿ ಕೆಲವು ಧ್ವನಿಮುದ್ರಣ ಮಾಡಿ ಸಾಲ್ ಪ್ಲೆಯೆಲ್ ಸಭಾಂಗಣದಲ್ಲಿ ಕಾರ್ಯಕ್ರಮ ಕೊಟ್ಟರು. ಆದರೆ ತುಟಿ ಪೂರ್ತಿ ಸುಧಾರಿಸಿರಲಿಲ್ಲ. 1935ರ ಜನವರಿಯಲ್ಲಿ ಅಮೆರಿಕಕ್ಕೆ ಮರಳಿದಾಗ ತೊಂದರೆ ಮತ್ತೆ ಕಾಣಿಸಿತು. ಶಿಕಾಗೊದಲ್ಲಿ ಮತ್ತೆ ತಿಂಗಳುಗಟ್ಟಲೆ ವಾದ್ಯ ಮುಟ್ಟದೆ ಕೂರಬೇಕಾಯಿತು.

ಈ ಕಾಲ ಸುಲಭವಾಗಿರಲಿಲ್ಲ. ಕೈಯಲ್ಲಿ ಹಣವಿರಲಿಲ್ಲ. ಹಳೆಯ ಒಪ್ಪಂದಗಳ ತಕರಾರು ಬಾಕಿ ಇತ್ತು. ಬೇರೆಯಾಗಿದ್ದ ಪತ್ನಿ ಜೀವನಾಂಶ ಕೇಳಿ ನ್ಯಾಯಾಲಯಕ್ಕೆ ಹೋಗಿದ್ದರು. ಅವರ ಕಥೆ ಮುಗಿಯಿತು ಎಂಬ ಮಾತು ಸಂಗೀತ ವಲಯದಲ್ಲಿ ಹಬ್ಬಿತು. ಆಗ ಅವರು ಶಿಕಾಗೊದ ಹಳೆಯ ಪರಿಚಯದ ಜೋ ಗ್ಲೇಸರ್ ಅವರ ಬಳಿ ಹೋಗಿ ವ್ಯವಹಾರವನ್ನೆಲ್ಲ ಅವರ ಕೈಗೆ ಕೊಟ್ಟರು. ಸಾಲ, ಒಪ್ಪಂದ, ವ್ಯಾಜ್ಯಗಳನ್ನು ಗ್ಲೇಸರ್ ನೋಡಿಕೊಂಡರು. 1935ರ ಬೇಸಿಗೆಯಲ್ಲಿ ಆರ್ಮ್‌ಸ್ಟ್ರಾಂಗ್ ಹೊಸ ತಂಡದೊಂದಿಗೆ ಮತ್ತೆ ವೇದಿಕೆ ಹತ್ತಿದರು. ಅಕ್ಟೋಬರ್‌ನಲ್ಲಿ ಡೆಕ್ಕಾ ಕಂಪನಿಗೆ ಧ್ವನಿಮುದ್ರಣ ಆರಂಭಿಸಿದರು. ಟ್ರಂಪೆಟ್ ದನಿ ಮತ್ತೆ ತುಂಬಿ ಬಂದಿತ್ತು.

ರೋಗಿಯನ್ನು ನೋಡಿಕೊಳ್ಳುವವರು ಇಲ್ಲಿ ಗಮನಿಸಬೇಕಾದ ವಿಷಯ ಒಂದಿದೆ. ತುಟಿ ವಾಸಿಯಾಗಲು ಸಮಯ ಬೇಕಿತ್ತು, ಆ ಸಮಯ ಸಿಗಬೇಕಾದರೆ ಬೇರೆ ಯಾರಾದರೂ ಹಣದ ಚಿಂತೆಯನ್ನು ಹೊರಬೇಕಿತ್ತು. ವಿಶ್ರಾಂತಿ ತೆಗೆದುಕೋ ಎಂದು ಹೇಳುವುದು ಸುಲಭ. ವಿಶ್ರಾಂತಿಗೆ ದಾರಿ ಮಾಡಿಕೊಡುವುದೇ ಆರೈಕೆ. ಇದೇ ಗ್ಲೇಸರ್ ಮುಂದಿನ ದಶಕಗಳಲ್ಲಿ ಅವರಿಗೆ ವರ್ಷವಿಡೀ ಬಿಡುವಿಲ್ಲದ ಪ್ರವಾಸಗಳನ್ನೂ ಗೊತ್ತುಮಾಡಿದರು ಎಂಬುದನ್ನೂ ಮರೆಯಬಾರದು.

ಮರಳಿದ ಮೇಲೆ ಬದಲಾದದ್ದು

ಆರ್ಮ್‌ಸ್ಟ್ರಾಂಗ್ ಎತ್ತರದ ಸ್ವರಗಳನ್ನು ಬಿಟ್ಟುಬಿಡಲಿಲ್ಲ. ಜನ ಕೇಳುತ್ತಿದ್ದರು, ಅವರು ಕೊಡುತ್ತಿದ್ದರು. ಆದರೆ ಕಾರ್ಯಕ್ರಮದ ಸ್ವರೂಪ ನಿಧಾನವಾಗಿ ಬದಲಾಯಿತು. ಹಾಡುವುದು ಹೆಚ್ಚಾಯಿತು. ವಾದನದಲ್ಲಿ ವೇಗದ ಸಾಹಸಕ್ಕಿಂತ ನೀಳವಾದ, ಸರಳವಾದ ರಾಗದ ಎಳೆಗೆ ಜಾಗ ಸಿಕ್ಕಿತು. 1947ರಲ್ಲಿ ದೊಡ್ಡ ಬ್ಯಾಂಡ್ ಬಿಟ್ಟು ಆಲ್ ಸ್ಟಾರ್ಸ್ ಎಂಬ ಆರೇಳು ಜನರ ತಂಡ ಕಟ್ಟಿದರು. ಟ್ರೊಂಬೋನ್‌ಗೆ ಜ್ಯಾಕ್ ಟೀಗಾರ್ಡನ್, ಕ್ಲಾರಿನೆಟ್‌ಗೆ ಬಾರ್ನಿ ಬಿಗಾರ್ಡ್, ಹಾಡಲು ವೆಲ್ಮಾ ಮಿಡಲ್‌ಟನ್. ಪ್ರತಿಯೊಬ್ಬರಿಗೂ ತಮ್ಮದೇ ಹಾಡು ಇತ್ತು. ಅವರು ಮುಂದೆ ನಿಂತಷ್ಟು ಹೊತ್ತು ನಾಯಕನ ತುಟಿಗೆ ಬಿಡುವು ಸಿಗುತ್ತಿತ್ತು. ಇದೇ ರೀತಿಯಲ್ಲಿ ಅವರು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಜಗತ್ತು ಸುತ್ತಿದರು.

ಮುಂಬಯಿಗೆ ಬರುವ ಮೊದಲೇ ಅವರ ರೆಕಾರ್ಡುಗಳು ಇಲ್ಲಿಗೆ ಬಂದಿದ್ದವು. ಗೋವಾ ಮೂಲದ ಟ್ರಂಪೆಟ್ ವಾದಕ ಆಂಟೊನಿಯೊ ಝೇವಿಯರ್ ವಾಝ್, ಅಂದರೆ ಚಿಕ್ ಚಾಕಲೇಟ್, ಮುಂಬಯಿಯಲ್ಲಿ ಅವರ ಶೈಲಿಯಲ್ಲೇ ಊದಿ ಭಾರತದ ಆರ್ಮ್‌ಸ್ಟ್ರಾಂಗ್ ಎನಿಸಿಕೊಂಡರು. ಹಿಂದಿ ಸಿನಿಮಾ ಹಾಡುಗಳ ಮೂಲಕ ಆ ಟ್ರಂಪೆಟ್ ದನಿ ಮದುವೆ ಬ್ಯಾಂಡುಗಳಿಗೂ ಇಳಿಯಿತು. ಇಂದು ಕಲ್ಯಾಣದ ಬೀದಿಯಲ್ಲಿ ಊದುವವರ ತುಟಿಯ ಮೇಲೆ ಬೀಳುವ ಭಾರಕ್ಕೆ ಇಷ್ಟು ಹಳೆಯ ನಂಟಿದೆ.

ಅವರು ಮಾಡಿಕೊಂಡ ಮನೆಮದ್ದು

ಆರ್ಮ್‌ಸ್ಟ್ರಾಂಗ್ ತಮ್ಮ ತುಟಿಯನ್ನು ಜೀವನವಿಡೀ ಜೋಪಾನ ಮಾಡಿದರು. ದಿನವೂ ತೊಳೆದು, ಮುಲಾಮು ಹಚ್ಚಿ ಮೃದುವಾಗಿ ಇಟ್ಟುಕೊಳ್ಳುತ್ತಿದ್ದರು. ಜರ್ಮನಿಯ ಮಾನ್‌ಹೈಮ್‌ನ ಟ್ರೊಂಬೋನ್ ವಾದಕ ಫ್ರಾನ್ಸ್ ಶ್ಯೂರಿಟ್ಸ್ ತಯಾರಿಸುತ್ತಿದ್ದ ಮುಲಾಮು ಅವರಿಗೆ ಎಷ್ಟು ಹಿಡಿಸಿತೆಂದರೆ ಅದಕ್ಕೆ ತಮ್ಮ ಹೆಸರು ಬಳಸಲು ಒಪ್ಪಿದರು. ಮುಲಾಮಿನಿಂದ ಚರ್ಮ ಒಣಗದೆ, ಬಿರಿಯದೆ ಉಳಿಯುತ್ತದೆ. ಅಷ್ಟರ ಮಟ್ಟಿಗೆ ಅದು ಒಳ್ಳೆಯ ಅಭ್ಯಾಸ. ಒಳಗೆ ಹರಿದ ಸ್ನಾಯುವನ್ನು ಯಾವ ಮುಲಾಮೂ ಕೂಡಿಸುವುದಿಲ್ಲ.

ಅವರ ಇನ್ನೊಂದು ಅಭ್ಯಾಸವನ್ನು ಯಾರೂ ಅನುಸರಿಸಬಾರದು. ತುಟಿಯಲ್ಲಿ ಕಟ್ಟಿದ ಗಟ್ಟಿ ಚರ್ಮವನ್ನು ಅವರು ತಾವೇ ಸೂಜಿಯಿಂದ, ಬ್ಲೇಡಿನಿಂದ ತೆಗೆಯುತ್ತಿದ್ದರು ಎಂದು ಹತ್ತಿರದಿಂದ ಕಂಡವರು ನೆನೆದಿದ್ದಾರೆ. ಸೋಂಕು ತಗಲುವ ಅಪಾಯ ಒಂದು ಕಡೆ, ಹೊಸ ಗಾಯ ಹೊಸ ಕಲೆಯನ್ನು ತರುವುದು ಇನ್ನೊಂದು ಕಡೆ. ಗಟ್ಟಿ ಗಂಟು ಇದ್ದರೆ ಅದನ್ನು ವೈದ್ಯರೇ ನೋಡಬೇಕು.

ಅವರ ಹೆಸರಿನ ಕಾಯಿಲೆ

1982ರಲ್ಲಿ ಸ್ಪೇನ್‌ನ ಪ್ಲಾಸ್ಟಿಕ್ ಸರ್ಜನ್ ಜೈಮೆ ಪ್ಲಾನಾಸ್, ಟ್ರಂಪೆಟ್ ವಾದಕರಲ್ಲಿ ಬಾಯಿಯ ಸುತ್ತಲಿನ ಸ್ನಾಯು ಹರಿಯುವುದನ್ನು ವೈದ್ಯಕೀಯ ಪತ್ರಿಕೆಯೊಂದರಲ್ಲಿ ವಿವರಿಸಿ ಅದಕ್ಕೆ ಸ್ಯಾಚ್‌ಮೊ ಸಿಂಡ್ರೋಮ್ ಎಂದು ಹೆಸರಿಟ್ಟರು. ಹರಿದ ಎಳೆಗಳನ್ನು ಶಸ್ತ್ರಚಿಕಿತ್ಸೆಯಿಂದ ಕೂಡಿಸುವ ವಿಧಾನವನ್ನೂ ಹೇಳಿದರು. 1930ರ ದಶಕದಲ್ಲಿ ಸ್ನಾಯುವಿನ ಒಳಗನ್ನು ತೋರಿಸುವ ಎಂಆರ್‌ಐ, ಅಲ್ಟ್ರಾಸೌಂಡ್ ಇರಲಿಲ್ಲ. ಆದ್ದರಿಂದ ಆರ್ಮ್‌ಸ್ಟ್ರಾಂಗ್ ಅವರ ಸ್ನಾಯು ನಿಜಕ್ಕೂ ಹರಿದಿತ್ತೇ ಎಂಬುದನ್ನು ಆಗ ನೋಡಲಾಗುತ್ತಿರಲಿಲ್ಲ. ಇಂದು ನೋಡಬಹುದು. ತುಟಿಯ ನೋವಿಗೆಲ್ಲ ಶಸ್ತ್ರಚಿಕಿತ್ಸೆ ಬೇಕಿಲ್ಲ. ಹೆಚ್ಚಿನವು ವಿಶ್ರಾಂತಿಯಿಂದ, ಊದುವ ರೀತಿ ತಿದ್ದಿಕೊಳ್ಳುವುದರಿಂದ ಸರಿಹೋಗುತ್ತವೆ.

ನಿಮ್ಮ ತುಟಿಗೆ ಪೆಟ್ಟಾದರೆ

ಊದುವುದನ್ನು ತಕ್ಷಣ ನಿಲ್ಲಿಸಿ. ಶುದ್ಧ ನೀರಿನಿಂದ ತೊಳೆಯಿರಿ. ರಕ್ತ ಬರುತ್ತಿದ್ದರೆ ಸ್ವಚ್ಛ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ಊತಕ್ಕೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಕೆಲವು ನಿಮಿಷ ಇಟ್ಟು ತೆಗೆಯಿರಿ, ಮಂಜುಗಡ್ಡೆಯನ್ನು ನೇರವಾಗಿ ಚರ್ಮಕ್ಕೆ ತಾಗಿಸಬೇಡಿ. ಒಣಗದಂತೆ ಪೆಟ್ರೋಲಿಯಂ ಜೆಲ್ಲಿ ಹಚ್ಚಬಹುದು. ತುಂಬ ಖಾರ, ಹುಳಿ, ಬಿಸಿ ಚಹಾ ಕೆಲವು ದಿನ ಬೇಡ. ತುಟಿಯನ್ನು ನಾಲಿಗೆಯಿಂದ ಸವರುತ್ತಿದ್ದರೆ ಇನ್ನಷ್ಟು ಒಣಗುತ್ತದೆ. ನೋವಿನ ಮಾತ್ರೆ ನುಂಗಿ ಊದಲು ಹೋಗಬೇಡಿ. ನೋವು ಮರೆಯಾದರೂ ಹಾನಿ ಮುಂದುವರಿಯುತ್ತದೆ.

ಕೆಳಗಿನ ಯಾವುದೇ ಲಕ್ಷಣ ಕಂಡರೆ ತಡಮಾಡದೆ ವೈದ್ಯರನ್ನು ಕಾಣಿ:

- ಹತ್ತು ಹದಿನೈದು ನಿಮಿಷ ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ.
- ಸೀಳು ಆಳವಾಗಿದ್ದರೆ, ಅಥವಾ ತುಟಿಯ ಕೆಂಪು ಭಾಗ ಮತ್ತು ಮುಖದ ಚರ್ಮ ಸೇರುವ ಗೆರೆಯನ್ನು ದಾಟಿದ್ದರೆ. ಈ ಗೆರೆ ಸರಿಯಾಗಿ ಕೂಡುವಂತೆ ಹೊಲಿಗೆ ಹಾಕುವುದು ಮುಖ್ಯ. ಅದೇ ದಿನ ಹೋಗಬೇಕು.
- ಹಲ್ಲು ಅಲುಗಾಡಿದರೆ ಅಥವಾ ಮುರಿದರೆ.
- ತುಟಿ ಮರಗಟ್ಟಿದಂತೆ ಇದ್ದರೆ, ಗಾಳಿ ಹಿಡಿಯಲು ಆಗದಿದ್ದರೆ, ನೀರು ಕುಡಿಯುವಾಗ ಸೋರಿದರೆ.
- ಕೀವು, ಜ್ವರ, ಹೆಚ್ಚುತ್ತಿರುವ ಊತ ಇದ್ದರೆ.
- ಎರಡು ವಾರ ವಿಶ್ರಾಂತಿ ಕೊಟ್ಟರೂ ಹುಣ್ಣು ಮಾಯದಿದ್ದರೆ. ಬಾಯಿಯ ಕ್ಯಾನ್ಸರ್ ಅಲ್ಲ ಎಂದು ಖಚಿತಪಡಿಸಿಕೊಳ್ಳಬೇಕು.

ಪೆಟ್ಟು ಇಲ್ಲದೆಯೇ ಬಾಯಿ ಒಂದು ಕಡೆಗೆ ಇದ್ದಕ್ಕಿದ್ದಂತೆ ಸೊಟ್ಟಗಾದರೆ, ಮಾತು ತೊದಲಿದರೆ ಅದು ಊದಿದ ದಣಿವು ಎಂದುಕೊಳ್ಳಬೇಡಿ. ಪಾರ್ಶ್ವವಾಯು ಇರಬಹುದು. ಕೂಡಲೇ 108ಕ್ಕೆ ಕರೆ ಮಾಡಿ.

ಗಾಯವಾದ ಮೇಲೆ ಧನುರ್ವಾಯು ಚುಚ್ಚುಮದ್ದು ಬೇಕೇ ಎಂದು ವೈದ್ಯರನ್ನು ಕೇಳಿ. ತಾವು ಟ್ರಂಪೆಟ್ ಊದುತ್ತೇವೆ ಎಂದು ಅವರಿಗೆ ತಪ್ಪದೆ ತಿಳಿಸಿ. ಬೇರೆಯವರಿಗೆ ನೋಡಲು ಚೆನ್ನಾಗಿ ಮಾಯ್ದ ತುಟಿ ಸಾಕು, ನಿಮಗೆ ಅದುರುವ ತುಟಿ ಬೇಕು. ಠಾಣೆಯವರಿಗೆ ಕಳವಾದಲ್ಲಿರುವ ಮಹಾನಗರ ಪಾಲಿಕೆಯ ಛತ್ರಪತಿ ಶಿವಾಜಿ ಮಹಾರಾಜ ಆಸ್ಪತ್ರೆಯಲ್ಲಿ ಕಿವಿ, ಮೂಗು, ಗಂಟಲು ವಿಭಾಗವಿದೆ. ಪ್ಲಾಸ್ಟಿಕ್ ಸರ್ಜರಿಯ ಸಲಹೆ ಬೇಕಾದವರಿಗೆ ಮುಂಬಯಿಯ ಸಾಯನ್ ಮತ್ತು ಕೆಇಎಂ ಆಸ್ಪತ್ರೆಗಳಲ್ಲಿ ಆ ವಿಭಾಗಗಳಿವೆ. ಕಲ್ಯಾಣ, ಡೊಂಬಿವಲಿಯಿಂದ ಲೋಕಲ್ ರೈಲಿನಲ್ಲೇ ಅಲ್ಲಿಗೆ ಹೋಗಬಹುದು.

ಮತ್ತೆ ಊದುವುದು ಹೇಗೆ?

ಗಾಯ ಮುಚ್ಚಿದ ದಿನವೇ ತುಟಿ ಸಿದ್ಧವಾಯಿತು ಎಂದಲ್ಲ. ಹೊಲಿಗೆ ಬಿಚ್ಚಿದ ಮೇಲೂ ಒಳಗಿನ ಅಂಗಾಂಶ ಗಟ್ಟಿಯಾಗಲು ವಾರಗಳು ಬೇಕು. ಕಲೆ ಮೃದುವಾಗುವುದು ತಿಂಗಳುಗಳ ಕೆಲಸ. ವೈದ್ಯರು ಒಪ್ಪಿದ ಮೇಲೆ ಹೀಗೆ ಆರಂಭಿಸಬಹುದು.

ಮೊದಲಿಗೆ ದಿನಕ್ಕೆ ಕೆಲವೇ ನಿಮಿಷ, ಕೆಳಗಿನ ಸ್ವರಗಳನ್ನು ಮೆಲ್ಲಗೆ, ನೀಳವಾಗಿ ಊದಿ. ಎಷ್ಟು ಹೊತ್ತು ಊದುತ್ತೀರೋ ಅಷ್ಟೇ ಹೊತ್ತು ವಾದ್ಯ ಕೆಳಗಿಡಿ. ಮಾರನೆಯ ಬೆಳಿಗ್ಗೆ ತುಟಿ ನೋಡಿಕೊಳ್ಳಿ. ಊತ, ನೋವು ಇಲ್ಲದಿದ್ದರೆ ಮಾತ್ರ ಸ್ವಲ್ಪ ಹೆಚ್ಚಿಸಿ. ಇದ್ದರೆ ಒಂದೆರಡು ದಿನ ಬಿಟ್ಟು ಹಿಂದಿನ ಅಳತೆಗೆ ಮರಳಿ. ಎತ್ತರದ ಸ್ವರ ಕೊನೆಗೆ ಬರಲಿ. ಕನ್ನಡಿಯ ಮುಂದೆ ನಿಂತು ಊದಿ, ಮೌತ್‌ಪೀಸ್ ತೆಗೆದಾಗ ತುಟಿಯ ಮೇಲೆ ಆಳವಾದ ಬಿಳಿ ಉಂಗುರ ಮೂಡಿದ್ದರೆ ನೀವು ಒತ್ತುತ್ತಿದ್ದೀರಿ ಎಂದು ಅರ್ಥ. ಅನುಭವಿ ಶಿಕ್ಷಕರಿಗೆ ತೋರಿಸಿ ತಿದ್ದಿಕೊಳ್ಳಿ. ನೋವು ಇಲ್ಲದೆಯೂ ತುಟಿ ಹೇಳಿದಂತೆ ಕೇಳದೆ ತಾನಾಗಿ ನಡುಗಿದರೆ ಅದು ನರಗಳ ತೊಂದರೆ ಇರಬಹುದು, ನರರೋಗ ತಜ್ಞರನ್ನು ಕಾಣಿ.

ಮೌತ್‌ಪೀಸನ್ನು ಸೋಪು ನೀರಿನಿಂದ ತೊಳೆಯಿರಿ, ಇನ್ನೊಬ್ಬರಿಗೆ ಕೊಡಬೇಡಿ. ತುಟಿಯ ಮೇಲೆ ಪುಟ್ಟ ನೀರುಗುಳ್ಳೆಗಳು ಎದ್ದಿದ್ದರೆ ಅದು ಹರ್ಪೀಸ್ ಸೋಂಕು ಇರಬಹುದು. ಅದು ಹಂಚಿಕೊಂಡ ಮೌತ್‌ಪೀಸಿನಿಂದ ಹರಡುತ್ತದೆ. ಗುಟ್ಕಾ, ತಂಬಾಕು, ಅಡಿಕೆ ಜಗಿಯುವವರ ಬಾಯಿಯ ಒಳಚರ್ಮ ಬಿಗಿಯಾಗಿ ಬಾಯಿ ತೆರೆಯುವುದೇ ಕಷ್ಟವಾಗಬಹುದು. ಗಾಯವೂ ನಿಧಾನವಾಗಿ ಮಾಯುತ್ತದೆ. ಬಿಡಲು ನೆರವು ಬೇಕಾದರೆ ರಾಷ್ಟ್ರೀಯ ಸಹಾಯವಾಣಿ 1800-11-2356ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಮನೆಯವರು ಏನು ಮಾಡಬಹುದು?

ಸೀಸನ್ನಿನ ನಡುವೆ ತುಟಿ ಒಡೆದರೆ ಮನೆಯಲ್ಲಿ ಎಲ್ಲರಿಗೂ ಆತಂಕ. ಒಂದು ತಿಂಗಳು ಕೂತರೆ ವರಮಾನ ಹೋಗುತ್ತದೆ, ಕೂರದಿದ್ದರೆ ಮುಂದಿನ ವರ್ಷಗಳೇ ಹೋಗಬಹುದು. ಈ ಲೆಕ್ಕವನ್ನು ರೋಗಿ ಒಬ್ಬರೇ ಮಾಡಲು ಬಿಡಬೇಡಿ. ಬ್ಯಾಂಡಿನ ಮಾಲೀಕರ ಜೊತೆ ಮನೆಯವರು ಕೂಡ ಹೋಗಿ ಮಾತನಾಡಿ. ತುಟಿ ಮಾಯುವ ತನಕ ಡ್ರಮ್ ಅಥವಾ ಝಾಂಝ್ ಬಾರಿಸುವುದು, ಹಾಡುವುದು, ಹೊಸಬರಿಗೆ ಕಲಿಸುವುದು ಸಾಧ್ಯವೇ ಕೇಳಿ. ಇಬ್ಬರು ಟ್ರಂಪೆಟ್‌ನವರು ಇದ್ದರೆ ಹಾಡು ಬಿಟ್ಟು ಹಾಡು ಊದಿದರೆ ಇಬ್ಬರ ತುಟಿಯೂ ಉಳಿಯುತ್ತದೆ. ಆರ್ಮ್‌ಸ್ಟ್ರಾಂಗ್ ತಮ್ಮ ಚಿಕ್ಕ ತಂಡದಲ್ಲಿ ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ.

ಮಕ್ಕಳು ಶಾಲೆಯ ಬ್ಯಾಂಡಿನಲ್ಲಿ ಊದುತ್ತಿದ್ದರೆ ಸ್ಪರ್ಧೆಯ ಹಿಂದಿನ ವಾರ ಒಮ್ಮೆಲೇ ಗಂಟೆಗಟ್ಟಲೆ ಅಭ್ಯಾಸ ಮಾಡಿಸುವುದು ಬೇಡ. ತುಟಿ ನೋಯುತ್ತಿದೆ ಎಂದು ಮಗು ಹೇಳಿದರೆ ನಂಬಿ.

ಕೊನೆಯ ವರ್ಷಗಳು

1959ರಲ್ಲಿ ಇಟಲಿಯ ಸ್ಪೊಲೆಟೊದಲ್ಲಿ ಆರ್ಮ್‌ಸ್ಟ್ರಾಂಗ್ ಅವರಿಗೆ ಹೃದಯಾಘಾತವಾಯಿತು. ಚೇತರಿಸಿಕೊಂಡು ಮತ್ತೆ ಪ್ರವಾಸಕ್ಕೆ ಹೊರಟರು. 1964ರ ಮೇ ತಿಂಗಳಲ್ಲಿ ಹಲೋ ಡಾಲಿ ಎಂಬ ಹಾಡಿನಿಂದ ಅವರು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಬೀಟಲ್ಸ್ ತಂಡವನ್ನು ಹಿಂದೆ ಹಾಕಿ ಮೊದಲ ಸ್ಥಾನಕ್ಕೆ ಏರಿದರು. ಅದಕ್ಕೆ ಅವರ ಟ್ರಂಪೆಟ್‌ನಷ್ಟೇ ಅವರ ದನಿಯೂ ಕಾರಣವಾಗಿತ್ತು. 1968ರಿಂದ ಹೃದಯ, ಮೂತ್ರಪಿಂಡಗಳ ತೊಂದರೆ ಹೆಚ್ಚಿ ಆಸ್ಪತ್ರೆಯಲ್ಲಿ ದೀರ್ಘ ಕಾಲ ಇರಬೇಕಾಯಿತು. ವೈದ್ಯರು ಟ್ರಂಪೆಟ್ ಬಿಡಲು ಹೇಳಿದರು. ಅವರು ಕೆಲವು ಕಾಲ ಹಾಡುತ್ತ ಕಳೆದು, 1970ರಲ್ಲಿ ಮತ್ತೆ ವಾದ್ಯ ಹಿಡಿದರು. 1971ರ ಮಾರ್ಚ್‌ನಲ್ಲಿ ವೈದ್ಯರು ಬೇಡವೆಂದರೂ ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಎರಡು ವಾರ ಕಾರ್ಯಕ್ರಮ ಕೊಟ್ಟರು. ಅದು ಮುಗಿದ ಮೇಲೆ ಮತ್ತೆ ಹೃದಯಾಘಾತವಾಯಿತು. ಜುಲೈ 6ರಂದು ಕ್ವೀನ್ಸ್‌ನ ತಮ್ಮ ಮನೆಯಲ್ಲಿ ನಿದ್ದೆಯಲ್ಲೇ ತೀರಿಕೊಂಡರು. ಆ ಮನೆ ಈಗ ವಸ್ತುಸಂಗ್ರಹಾಲಯ.

ಅವರು ಯಾವಾಗಲೂ ವೈದ್ಯರ ಮಾತು ಕೇಳಿದವರಲ್ಲ. ಆದರೆ 1934 ಮತ್ತು 1935ರಲ್ಲಿ, ಎಲ್ಲರೂ ಮುಗಿಯಿತು ಎಂದಾಗ, ಟ್ರಂಪೆಟ್ ಪೆಟ್ಟಿಗೆಯಲ್ಲಿಟ್ಟು ತುಟಿ ಮಾಯುವ ತನಕ ಕಾದರು. ಆಗ ಅವರಿಗೆ ವಯಸ್ಸು ಮೂವತ್ತಮೂರು. ಆ ಕೆಲವು ತಿಂಗಳು ಕಾದದ್ದರಿಂದ ಮುಂದೆ ಮೂವತ್ತೈದು ವರ್ಷ ಊದಿದರು. ನಿಮ್ಮ ಮನೆಯಲ್ಲಿ ಯಾರ ತುಟಿಯಾದರೂ ಇಂದು ಊದಿಕೊಂಡಿದ್ದರೆ, ನಾಳೆಯ ಮೆರವಣಿಗೆಗೆ ಬೇರೊಬ್ಬರನ್ನು ಕಳಿಸಿ.

ಈ ಲೇಖನ ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ನಿಮ್ಮ ಗಾಯಕ್ಕೆ ತಕ್ಕ ಚಿಕಿತ್ಸೆಯನ್ನು ನಿಮ್ಮ ವೈದ್ಯರೇ ನಿರ್ಧರಿಸಬೇಕು.